ಬ್ರೇಕು ಮತ್ತು ಕ್ಲಚ್ಚುಗಳ ಘರ್ಷಣಪಟ್ಟಿಗಳು

ಟ್ರ್ಯಾಕ್ಟರನ್ನು ಕೊಳ್ಳುವಾಗ ಜಮೀನುದಾರರು ಅದರ ಅಶ್ವಶಕ್ತಿಯನ್ನು ವಿಚಾರಿಸುವರಲ್ಲದೆ, ಅದನ್ನು ತಡೆದು ನಿಲ್ಲಿಸುವ ವಸ್ತು ಎಂಥದೆಂದು ಕೇಳುವುದು ವಿರಳ. ಕಬ್ಬಿನ ಹೇರನ್ನು ಹೊತ್ತ ಟ್ರೈಲರು ಇಳಿಜಾರಿನಲ್ಲಿ ಹಿಂದಿನಿಂದ ನೂಕುತ್ತಿರುವಾಗ ಚಾಲಕನ ಪ್ರಾಣವೂ ದಾರಿಹೋಕರ ಪ್ರಾಣವೂ ಬೆರಳಿನಷ್ಟು ದಪ್ಪವಿಲ್ಲದ ಘರ್ಷಣಪಟ್ಟಿಗಳನ್ನು ಅವಲಂಬಿಸಿರುತ್ತವೆ.

ಒಳ್ಳೆಯ ಪಟ್ಟಿಯನ್ನು 100 ಕಿಲೋಗ್ರಾಂ ಬಲದಿಂದ ಒತ್ತಿದರೆ ಸುಮಾರು 30ರಿಂದ 40 ಕಿಲೋಗ್ರಾಂಗಳಷ್ಟು ತಡೆಬಲ ದೊರೆಯುವುದು. ತಣ್ಣಗಿರುವಾಗ ಇಷ್ಟು ಹಿಡಿತವನ್ನು ತೊಗಲೂ ಕೊಡಬಲ್ಲುದು. ಕಾದಾಗಲೂ ಆ ಹಿಡಿತ ಉಳಿಯುವುದೇ ಎಂಬುದೇ ಮುಖ್ಯ ಪ್ರಶ್ನೆ. ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಸೀಮೆಯಲ್ಲಿ ಹರ್ಬರ್ಟ್ ಫ್ರೂಡ್ ಎಂಬುವನು ಕುದುರೆಗಾಡಿಗಳ ಬ್ರೇಕುಗಳನ್ನು ಸುಧಾರಿಸಲು 1897ರಲ್ಲಿ ತೊಡಗಿದನು. ಹತ್ತಿಯ ಪಟ್ಟಿಗಳು ಮೋಟಾರು ವಾಹನಗಳ ಕಾವಿಗೆ ಕರಕಾಗುತ್ತಿದ್ದುದರಿಂದ 1908ರಲ್ಲಿ ಕಲ್ನಾರು ಬಳಕೆಗೆ ಬಂದಿತು. ಅದರ ಧೂಳು ಶ್ವಾಸಕೋಶಗಳಿಗೆ ಮಾರಕವೆಂದು ತಿಳಿದ ಬಳಿಕ ಅದೇ ಬ್ರಿಟನ್ನು 1999ರಲ್ಲಿ ಅದನ್ನು ನಿಷೇಧಿಸಿತು. ಈಗ ಗಾಜಿನ, ಉಕ್ಕಿನ ಹಾಗೂ ಅರಾಮಿಡ್ ಎಳೆಗಳನ್ನು ರಾಳದಿಂದ ಬಂಧಿಸಿ ಪಟ್ಟಿಗಳನ್ನು ತಯಾರಿಸುವರು. ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರಬಹುದಾದುದರಿಂದ ಡ್ರಮ್ಮಿನ ಧೂಳನ್ನು ಊದತಕ್ಕದ್ದಲ್ಲ, ಒದ್ದೆಬಟ್ಟೆಯಿಂದ ಒರೆಸತಕ್ಕದ್ದು.

ಅತಿಯಾಗಿ ಕಾದರೆ ರಾಳವು ಕೆಟ್ಟು ಹಿಡಿತ ಕುಗ್ಗುವುದು. ಆಗ ಚಾಲಕನು ಪೆಡಲನ್ನು ಮತ್ತಷ್ಟು ಬಲವಾಗಿ ತುಳಿಯುವನು, ಕಾವು ಮತ್ತಷ್ಟು ಏರುವುದು. ಆದಕಾರಣ ಇಳಿಜಾರಿನ ತಲೆಯಲ್ಲಿಯೇ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನಿಂದಲೇ ವೇಗವನ್ನು ತಡೆಯುತ್ತ ಇಳಿಯಬೇಕು. ಡೀಸೆಲ್ಲು ಉಳಿಯುವುದೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವರುಂಟು. ಇದಕ್ಕಿಂತ ದುಬಾರಿಯಾದ ಉಳಿತಾಯ ಮತ್ತೊಂದಿಲ್ಲ.

ಒಣ ಬ್ರೇಕಿಗೆ ಎಣ್ಣೆಯೇ ಶತ್ರು. ಆಕ್ಸಲಿನ ಸೀಲು ಸೋರಿ ಒಂದು ಕಡೆಯ ಪಟ್ಟಿ ನೆನೆದರೆ ಆ ಚಕ್ರವು ಸರಿಯಾಗಿ ನಿಲ್ಲದೆ, ಟ್ರ್ಯಾಕ್ಟರು ಮತ್ತೊಂದು ಕಡೆಗೆ ಎಳೆಯುವುದು. ಹೊಲದಲ್ಲಿ ಬಿಡಿಯಾಗಿ ತುಳಿಯುವ ಎರಡು ಪೆಡಲುಗಳನ್ನು ರಸ್ತೆಗೆ ಬಂದೊಡನೆ ಕೊಂಡಿಯಿಂದ ಜೋಡಿಸದಿದ್ದರೂ ಇದೇ ಅಪಾಯ. ಎಣ್ಣೆಯಲ್ಲಿ ಮುಳುಗಿ ಕೆಲಸಮಾಡುವ ಬ್ರೇಕುಗಳ ಪಟ್ಟಿಗಳು ಬೇರೆ ಜಾತಿಯವು. ಅವುಗಳಿಗೆ ತಯಾರಕರು ಹೇಳಿದ ಎಣ್ಣೆಯನ್ನೇ ತುಂಬಿಸಬೇಕು.

ಕ್ಲಚ್ಚಿನ ಪಟ್ಟಿಗೆ ಚಾಲಕನ ಪಾದವೇ ಹೆಚ್ಚು ಹಾನಿಮಾಡುವುದು. ಪೆಡಲಿನ ಮೇಲೆ ಕಾಲಿಟ್ಟೇ ಉಳುವವರ ಯಂತ್ರದಲ್ಲಿ ಪಟ್ಟಿ ಪೂರ್ತಿ ಹಿಡಿಯದೆ ಜಾರುತ್ತ ಸುಟ್ಟುಹೋಗುವುದು. ಕಮಟು ವಾಸನೆಯೇ ಅದರ ಸೂಚನೆ. ಪೆಡಲಿನ ಸಡಿಲು ಕೈಪಿಡಿಯಲ್ಲಿ ಕೊಟ್ಟ ಅಳತೆಗಿರಬೇಕು.

ಬ್ರೇಕಿನ ಪಟ್ಟಿಗಳು ರಿವೆಟ್ಟಿನ ತಲೆ ತಾಗುವವರೆಗೆ ಸವೆದರೆ ಡ್ರಮ್ಮಿನಲ್ಲಿ ಗೀರು ಬೀಳುವುದು. ಅದಕ್ಕೆ ಮೊದಲೇ ಎಡಬಲಗಳೆರಡಕ್ಕೂ ಒಂದೇ ಜಾತಿಯ ಹೊಸ ಪಟ್ಟಿಗಳನ್ನು ಹಾಕಿಸಿ, ಹೇರಿಲ್ಲದೆ ಸಮತಟ್ಟಾದ ದಾರಿಯಲ್ಲಿ ಓಡಿಸಿ ಪರೀಕ್ಷಿಸಿದ ಮೇಲೆಯೇ ಟ್ರೈಲರನ್ನು ಕಟ್ಟತಕ್ಕದ್ದು.