ಉಪ್ಪುಗಾಳಿಯೂ ಮೋಟಾರು ಕಾರೂ

ಅಘನಾಶಿನಿ ನದಿಯು ಕಡಲನ್ನು ಸೇರುವ ಎಡೆಯಲ್ಲಿ, ಅದರ ಉತ್ತರ ದಂಡೆಯ ಮೇಲೆ, ತದಡಿಯ ಬಂದರಿದೆ. ಭರತದ ವೇಳೆಯಲ್ಲಿ ಕಡಲ ನೀರು ಹೊಳೆಯೊಳಗೆ ಬಹುದೂರ ಏರುತ್ತದೆ. ಸುತ್ತಣ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಬಲ್ಲ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಸಮೀಪದ ಸಾಣಿಕಟ್ಟೆಯ ಆಗರಗಳಲ್ಲಿ ಅದೇ ನೀರನ್ನು ಬಿಸಿಲಿಗೆ ಹರಡಿ ಉಪ್ಪನ್ನು ತೆಗೆಯುತ್ತಾರೆ. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ತೆರೆಗಳು ಒಡೆಯುವಾಗ ಚಿಮ್ಮುವ ಅತಿಸೂಕ್ಷ್ಮ ಹನಿಗಳು ಈ ಲವಣಗಳನ್ನು ಹೊತ್ತು ಗಾಳಿಯಲ್ಲಿ ತೇಲುತ್ತವೆ. ಕಿಟಕಿಯ ಸರಳು, ಬೈಸಿಕಲ್ಲಿನ ಸರಪಳಿ, ಬಾವಿಯ ಗಡಗಡೆ, ಇವುಗಳಿಗೆಲ್ಲ ಬೇಗನೆ ತುಕ್ಕು ಹಿಡಿಯುವುದನ್ನು ಕರಾವಳಿಯ ಮಕ್ಕಳೆಲ್ಲ ಕಂಡಿದ್ದಾರೆ. ಮನೆಯ ಮುಂದೆ ನಿಂತ ಮೋಟಾರು ಕಾರು ಮಾತ್ರ ಇದಕ್ಕೆ ಹೊರತಾಗುವುದು ಹೇಗೆ?

ಇಂಥ ಊರುಗಳ ಕಾರುಗಳಲ್ಲಿ ಎರಡು ಬೇನೆಗಳು ಹೆಚ್ಚಾಗಿ ಕಾಣುತ್ತವೆ. ದೀಪಗಳು ಚೆನ್ನಾಗಿ ಉರಿದರೂ ಮುಂಜಾನೆ ಎಂಜಿನು ತಿರುಗದಿರುವುದು ಮೊದಲನೆಯದು. ಊರೊಳಗೆ ಸರಿಯಾಗಿದ್ದ ಬ್ರೇಕು ಘಟ್ಟದ ಇಳಿಜಾರಿನಲ್ಲಿ ಮೆತ್ತಗಾಗುವುದು ಎರಡನೆಯದು. ಒಂದು ವಿದ್ಯುತ್ತಿನ ವಿಷಯ, ಇನ್ನೊಂದು ದ್ರವದ ವಿಷಯ. ಆದರೂ ಎರಡಕ್ಕೂ ತೇವವಾದ ಗಾಳಿಯ ಸಂಬಂಧವುಂಟು, ಎರಡನ್ನೂ ಶಾಲೆಯಲ್ಲಿ ಕಲಿತ ಎರಡು ನಿಯಮಗಳಿಂದ ತಿಳಿಯಬಹುದು. ಹಾಗೆ ತಿಳಿದವನು ಕೆಲವು ದುರಸ್ತಿಗಳನ್ನು ಮನೆಯಲ್ಲಿಯೇ ಮಾಡಬಲ್ಲನು. ಯಾವುದನ್ನು ಮಾಡಬಾರದು ಎಂಬುದೂ ಅವನಿಗೆ ಗೊತ್ತಾಗುತ್ತದೆ.

ಕಾಣದ ಹಿಂದಾರಿ

ವಿದ್ಯುತ್ತು ಹರಿಯಬೇಕಾದರೆ ಹೋಗುವ ದಾರಿ ಇದ್ದರೆ ಸಾಲದು, ಮರಳುವ ದಾರಿಯೂ ಬೇಕು. ಮನೆಯ ದೀಪಕ್ಕೆ ಇದಕ್ಕಾಗಿ ಎರಡು ತಂತಿಗಳಿರುತ್ತವೆ. ಕಾರಿನಲ್ಲಾದರೋ ಬಹುತೇಕ ಉಪಕರಣಗಳಿಗೆ ಒಂದೇ ತಂತಿ ಹೋಗುತ್ತದೆ. ಮರಳುವ ದಾರಿಯಾಗಿ ಕಾರಿನ ಉಕ್ಕಿನ ಮೈಯೇ ಕೆಲಸ ಮಾಡುತ್ತದೆ. ಬ್ಯಾಟರಿಯ ಒಂದು ಧ್ರುವವನ್ನು, ಈಗಿನ ಕಾರುಗಳಲ್ಲಿ ಋಣಧ್ರುವವನ್ನು, ದಪ್ಪ ತಂತಿಯಿಂದ ಮೈಗೂ ಎಂಜಿನಿಗೂ ಬಿಗಿದಿರುತ್ತಾರೆ. ಗ್ಯಾರೇಜಿನವರು 'ಅರ್ತ್' ಎನ್ನುವುದು ಇದನ್ನೇ. ತಾಮ್ರದ ತಂತಿಯ ತುದಿ ಉಕ್ಕಿನ ಮೈಗೆ ತಾಗುವ ಈ ಸ್ಥಳಗಳಲ್ಲೇ ಉಪ್ಪಿನ ಹಾವಳಿ ಹೆಚ್ಚು. ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಲಿ ಒಂದು ಪುಟ್ಟ ವಿದ್ಯುತ್ಕೋಶವೇ ಉಂಟಾಗುತ್ತದೆ. ತಾಮ್ರದ ನೆರೆಯಲ್ಲಿರುವ ಕಬ್ಬಿಣವು ಒಂಟಿಯಾಗಿ ಇದ್ದಾಗಿನದಕ್ಕಿಂತ ಬೇಗನೆ ಸವೆಯುತ್ತದೆ. ಹಾಗೆ ಹುಟ್ಟಿದ ತುಕ್ಕಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯದು.

ಇದರ ಪರಿಣಾಮವನ್ನು ಲೆಕ್ಕಮಾಡಿ ನೋಡೋಣ. ೧೮೨೭ರಲ್ಲಿ ಜಾರ್ಜ್ ಓಮನು ಪ್ರಕಟಿಸಿದ ನಿಯಮದಂತೆ, ಪ್ರವಾಹವನ್ನು ರೋಧದಿಂದ ಗುಣಿಸಿದರೆ ಅಲ್ಲಿ ನಷ್ಟವಾಗುವ ವೋಲ್ಟುಗಳು ದೊರೆಯುತ್ತವೆ. ಅರ್ತ್ ತಂತಿಯ ಬುಡದಲ್ಲಿ ತುಕ್ಕಿನಿಂದ ೦.೦೨ ಓಮ್ ರೋಧ ಉಂಟಾಯಿತೆನ್ನಿ. ಮುಂದಿನ ದೊಡ್ಡ ದೀಪವೊಂದಕ್ಕೆ ಸುಮಾರು ೫ ಆಂಪಿಯರ್ ಸಾಕು. ಆಗ ನಷ್ಟವಾಗುವುದು ೦.೧ ವೋಲ್ಟ್ ಮಾತ್ರ. ದೀಪವು ಚೆನ್ನಾಗಿಯೇ ಬೆಳಗುತ್ತದೆ. ಆದರೆ ಎಂಜಿನನ್ನು ತಿರುಗಿಸುವ ಸ್ಟಾರ್ಟರು ೧೫೦ ಆಂಪಿಯರನ್ನು ಎಳೆಯಬಯಸಿದರೆ, ಅದೇ ಕೊಂಡಿಯಲ್ಲಿ ೩ ವೋಲ್ಟ್ ನಷ್ಟವಾಗಬೇಕಾಗುತ್ತದೆ. ೪೫೦ ವಾಟ್ ಶಕ್ತಿ ಉಷ್ಣವಾಗಿ ಹೋಗುತ್ತದೆ. ೧೨ ವೋಲ್ಟಿನಲ್ಲಿ ಮೂರು ಹೋದ ಮೇಲೆ ಸ್ಟಾರ್ಟರಿಗೆ ತ್ರಾಣವೆಲ್ಲಿಯದು? ದೀಪವನ್ನು ನೋಡಿ ಬ್ಯಾಟರಿ ಸರಿಯಿದೆಯೆಂದೂ, ಸ್ಟಾರ್ಟರೇ ಕೆಟ್ಟಿದೆಯೆಂದೂ ತೀರ್ಮಾನಿಸುವುದು ಏಕೆ ತಪ್ಪೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಕೆಲವೊಮ್ಮೆ ಹೊಸ ಬ್ಯಾಟರಿಯನ್ನು ಕೊಂಡರೂ ಬೇನೆ ಹೋಗದಿರುವುದು ಇದರಿಂದಲೇ.

ಪರೀಕ್ಷೆಯ ಕ್ರಮ

ಅಂಗಡಿಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರೊಂದಿದ್ದರೆ ಇದನ್ನು ಪರೀಕ್ಷಿಸಬಹುದು. ಕಾರು ಕೆಲವು ಗಂಟೆ ನಿಂತಿದ್ದ ಬಳಿಕ ಬ್ಯಾಟರಿಯ ಎರಡು ಧ್ರುವಗಳ ನಡುವೆ ಅಳೆಯಿರಿ. ಫ್ರಾನ್ಸಿನ ಪ್ಲಾಂಟೆ ೧೮೫೯ರಲ್ಲಿ ರಚಿಸಿದ ಸೀಸ-ಆಮ್ಲದ ಕೋಶವೇ ಇಂದಿನ ಬಹುತೇಕ ಕಾರುಗಳ ಬ್ಯಾಟರಿಯ ಮೂಲ. ಅಂಥ ಆರು ಕೋಶಗಳು ಸೇರಿ, ಪೂರ್ಣ ತುಂಬಿದಾಗ, ಸುಮಾರು ೧೨.೬ ವೋಲ್ಟ್ ತೋರಿಸುತ್ತವೆ. ೧೨ಕ್ಕೆ ಇಳಿದಿದ್ದರೆ ಬ್ಯಾಟರಿ ಬಹುಮಟ್ಟಿಗೆ ಬರಿದಾಗಿದೆ. ಎಂಜಿನು ಓಡುವಾಗ ಸಾಮಾನ್ಯವಾಗಿ ೧೩.೮ರಿಂದ ೧೪.೫ರವರೆಗೆ ಏರಬೇಕು, ಏರದಿದ್ದರೆ ಆಲ್ಟರ್ನೇಟರಾಗಲಿ ಅದರ ಬೆಲ್ಟಾಗಲಿ ಕೆಲಸ ಮಾಡುತ್ತಿಲ್ಲ.

ಇವೆರಡೂ ಸರಿಯಿದ್ದರೆ ಕೊಂಡಿಗಳನ್ನು ಪರೀಕ್ಷಿಸಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣಧ್ರುವದ ಸೀಸದ ಕಂಬಕ್ಕೂ, ಇನ್ನೊಂದನ್ನು ಎಂಜಿನಿನ ಶುಭ್ರವಾದ ಲೋಹಕ್ಕೂ ಮುಟ್ಟಿಸಿ, ಇನ್ನೊಬ್ಬರಿಂದ ಸ್ಟಾರ್ಟರನ್ನು ತಿರುಗಿಸಿಸಿರಿ. ಗೇರು ನ್ಯೂಟ್ರಲಿನಲ್ಲಿರಲಿ, ಕೈಬ್ರೇಕು ಬಿಗಿದಿರಲಿ. ದಾರಿ ಒಳ್ಳೆಯದಾಗಿದ್ದರೆ ಮುಳ್ಳು ಸೊನ್ನೆಯ ಬಳಿಯೇ ನಿಲ್ಲುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆ ಎರಡು ಬಿಂದುಗಳ ನಡುವೆ ಎಲ್ಲಿಯೋ ತುಕ್ಕು ಕುಳಿತಿದೆ. ಕಡ್ಡಿಯನ್ನು ಹಂತಹಂತವಾಗಿ ಸರಿಸುತ್ತ ಹೋದರೆ ಕಳ್ಳನು ಸಿಕ್ಕಿಬೀಳುತ್ತಾನೆ.

ಕೊಂಡಿಗಳ ಶುಚಿ

ಶುಚಿಮಾಡುವ ಕೆಲಸ ಸುಲಭವಾದರೂ ಅದಕ್ಕೊಂದು ಕ್ರಮವುಂಟು. ಮೈಗೆ ಬಿಗಿದಿರುವ ಧ್ರುವದ ಕೊಂಡಿಯನ್ನೇ ಮೊದಲು ಬಿಚ್ಚಬೇಕು, ಅದನ್ನೇ ಕೊನೆಗೆ ಕಟ್ಟಬೇಕು. ಧನಧ್ರುವವನ್ನು ಮೊದಲು ಬಿಚ್ಚಹೊರಟರೆ, ಸ್ಪ್ಯಾನರು ಆಕಸ್ಮಿಕವಾಗಿ ಕಾರಿನ ಮೈಗೆ ತಗುಲಿದೊಡನೆ ನೂರಾರು ಆಂಪಿಯರ್ ಪ್ರವಾಹ ಹರಿದು ಲೋಹವೇ ಕರಗೀತು. ಬ್ಯಾಟರಿಯಿಂದ ಜಲಜನಕವೂ ಹೊರಬೀಳುವುದರಿಂದ ಅದರ ಬಳಿ ಬೀಡಿ, ಬೆಂಕಿಕಡ್ಡಿ ಸಲ್ಲವು. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಕನ್ನಡಕವಿರಲಿ, ಕೈಗೆ ರಬ್ಬರಿನ ಚೀಲವಿರಲಿ.

ಕಂಬದ ಮೇಲೆ ಬಿಳಿಯ ಅಥವಾ ಹಸಿರು-ನೀಲಿಯ ಹಿಟ್ಟು ಕಟ್ಟಿದ್ದರೆ, ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಕರಗಿಸಿ ಸವರಬೇಕು. ಬುಸುಬುಸು ನೊರೆ ಏಳುವುದು ಆಮ್ಲವು ನಿಷ್ಕ್ರಿಯವಾಗುತ್ತಿರುವುದರ ಗುರುತು. ಈ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಆಮೇಲೆ ಸಿಹಿನೀರಿನಿಂದ ತೊಳೆದು ಒರಸಬೇಕು. ಕಡಲಂಚಿನ ಕೆಲವು ಬಾವಿಗಳ ನೀರು ಉಪ್ಪಾಗಿರುವುದರಿಂದ ಈ ಎಚ್ಚರ ಅಗತ್ಯ. ತಂತಿಬ್ರಷ್ಷಿನಿಂದ ಲೋಹವು ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನನ್ನು ಬಳಿದರೆ ಉಪ್ಪುಗಾಳಿಗೆ ಒಳನುಗ್ಗಲು ದಾರಿ ಉಳಿಯದು. ಅರ್ತ್ ತಂತಿಯ ಇನ್ನೊಂದು ತುದಿಗೂ ಇದೇ ಉಪಚಾರ ಬೇಕು. ಅದು ಕಣ್ಣಿಗೆ ಬೀಳದ ಎಡೆಯಲ್ಲಿರುವುದರಿಂದ ಅನೇಕರು ಅದನ್ನು ಮರೆಯುತ್ತಾರೆ.

ಫ್ಯೂಸು ಪದೇಪದೇ ಸುಟ್ಟುಹೋದರೆ ಅದರ ಎಡೆಯಲ್ಲಿ ದಪ್ಪ ತಂತಿಯನ್ನೋ ಹೆಚ್ಚು ಆಂಪಿಯರಿನ ಫ್ಯೂಸನ್ನೋ ಹಾಕುವ ಅಭ್ಯಾಸ ಕೆಲವರಲ್ಲುಂಟು. ಫ್ಯೂಸು ಸುಡುವುದು ತಂತಿ ಸುಡಬಾರದೆಂದು. ಅದನ್ನು ಮೋಸಗೊಳಿಸಿದರೆ ಮುಂದೆ ಸುಡುವುದು ಕಾರು.

ಮಂಕು ದೀಪದ ಒಗಟು

ಇಲ್ಲಿ ವಿದ್ಯಾರ್ಥಿಗಳಿಗೊಂದು ಒಗಟು. ತಂತುದೀಪಗಳುಳ್ಳ ಕಾರೊಂದರಲ್ಲಿ ಬ್ರೇಕನ್ನು ಒತ್ತಿದಾಗ ಹಿಂದಿನ ಬ್ರೇಕುದೀಪವು ಬೆಳಗುವುದರ ಬದಲು ಮಂಕಾಗುತ್ತದೆ. ಒತ್ತದೆ ಇದ್ದ ಹಿಂದೀಪವೂ ಸಣ್ಣಗೆ ಮಿನುಗುತ್ತದೆ. ಕಾರಣವೇನು? ಆ ಪಕ್ಕದ ದೀಪಗಳಿಗೆಲ್ಲ ಒಂದೇ ಅರ್ತ್ ಇದ್ದು, ಅದು ತುಕ್ಕಿನಿಂದ ಕಡಿದುಹೋಗಿದೆ. ಬ್ರೇಕುದೀಪವನ್ನು ದಾಟಿದ ಪ್ರವಾಹವು ಮರಳಲು ದಾರಿಯಿಲ್ಲದೆ, ನೆರೆಯ ಹಿಂದೀಪದ ತಂತುವಿನಲ್ಲಿ ಹಿಮ್ಮುಖವಾಗಿ ಹರಿದು, ಆಚೆ ಪಕ್ಕದ ದೀಪದ ಮೂಲಕ ಅಲ್ಲಿಯ ಒಳ್ಳೆಯ ಅರ್ತನ್ನು ಸೇರುತ್ತದೆ. ಒಂದರ ಹಿಂದೆ ಒಂದಾಗಿ ದೀಪಗಳನ್ನು ಹಾಯಬೇಕಾದುದರಿಂದ ಬೆಳಕು ಮಂಕು. ಬಲ್ಬನ್ನು ಬದಲಿಸುವುದರಿಂದ ಇಲ್ಲಿ ಪ್ರಯೋಜನವಿಲ್ಲ. ಮಳೆಗಾಲದ ಕತ್ತಲೆಯಲ್ಲಿ ಹಿಂದೆ ಬರುವ ಲಾರಿಯವನಿಗೆ ನಮ್ಮ ಬ್ರೇಕಿನ ಸುದ್ದಿ ತಿಳಿಯುವುದು ಈ ದೀಪದಿಂದಲೇ ಎಂಬುದನ್ನು ನೆನೆದರೆ, ಒಂದು ತುಕ್ಕಿನ ತಿರುಪು ಎಷ್ಟು ಬೆಲೆಯುಳ್ಳದ್ದೆಂದು ಅರಿವಾದೀತು.

ದ್ರವದ ಮೂಲಕ ಒತ್ತಡ

ಇನ್ನು ಬ್ರೇಕಿನ ವಿಷಯ. ಮುಚ್ಚಿದ ದ್ರವದ ಒಂದೆಡೆ ಹೇರಿದ ಒತ್ತಡವು ಎಲ್ಲ ಕಡೆಗೂ ಕುಂದಿಲ್ಲದೆ ಹರಡುತ್ತದೆ ಎಂದು ಬ್ಲೇಸ್ ಪಾಸ್ಕಲ್ (೧೬೨೩–೧೬೬೨) ತೋರಿಸಿದನು. ೧೯೨೧ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಗಳಿಗೆ ಇಂಥ ದ್ರವದ ಬ್ರೇಕನ್ನು ಪಡೆಯಿತು. ಅದರ ಲೆಕ್ಕವನ್ನು ಒಂದೇ ಚಕ್ರಕ್ಕೆ ಅನ್ವಯಿಸಿ ನೋಡೋಣ. ಕಾಲು ೨೦ ಕಿಲೋಗ್ರಾಂ ಭಾರದಷ್ಟು ಒತ್ತುತ್ತದೆ. ಪೆಡಲಿನ ಸನ್ನೆಯಿಂದ ಅದು ಐದು ಪಟ್ಟು, ಎಂದರೆ ೧೦೦ ಆಗುತ್ತದೆ. ಮಾಸ್ಟರ್ ಸಿಲಿಂಡರಿನ ಕೊಂತದ ವಿಸ್ತೀರ್ಣ ೩ ಚದರ ಸೆಂಟಿಮೀಟರ್, ಚಕ್ರದ ಬಳಿಯದು ೧೮ ಎಂದಾದರೆ, ಪ್ಯಾಡಿನ ಮೇಲೆ ಬೀಳುವ ಬಲ ೬೦೦. ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಬಲವು ಮೂವತ್ತು ಪಟ್ಟಾದರೆ ಚಲನೆ ಮೂವತ್ತರಲ್ಲಿ ಒಂದು ಪಾಲಾಗುತ್ತದೆ: ಪ್ಯಾಡು ೧ ಮಿಲಿಮೀಟರ್ ಸರಿಯಲು ಪೆಡಲು ೩೦ ಮಿಲಿಮೀಟರ್ ಇಳಿಯಬೇಕು. ಪೆಡಲು ಇಳಿಯಬಲ್ಲ ಅಂತರ ಅತ್ಯಲ್ಪ. ದ್ರವವು ಕುಗ್ಗುವುದಿಲ್ಲ, ಆದುದರಿಂದ ಇಷ್ಟು ಸಾಕಾಗುತ್ತದೆ. ಕೊಳವೆಯೊಳಗೆ ಗಾಳಿಯ ಗುಳ್ಳೆಯೊಂದಿದ್ದರೆ, ಕಾಲಿನ ಚಲನೆಯೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ.

ಘಟ್ಟದ ಇಳಿಜಾರು

ಕುಮಟೆಯಿಂದ ಶಿರಸಿಗೆ ಹೋಗುವ ರಸ್ತೆ ದೇವಿಮನೆ ಘಟ್ಟವನ್ನು ಹತ್ತುತ್ತದೆ. ಹತ್ತುವಾಗ ದುಡಿಯುವುದು ಎಂಜಿನು. ಇಳಿಯುವಾಗ ಸತ್ವಪರೀಕ್ಷೆ ಬ್ರೇಕಿಗೆ. ೧,೦೦೦ ಕಿಲೋಗ್ರಾಂ ತೂಕದ ಕಾರು ೫೦೦ ಮೀಟರ್ ಎತ್ತರದಿಂದ ಇಳಿಯಿತೆಂದು ಎಣಿಸೋಣ. ಅದು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು ೪೯ ಲಕ್ಷ ಜೂಲ್. ೩೦ ಡಿಗ್ರಿ ಸೆಲ್ಸಿಯಸಿನ ೧೭ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಸಾಕು. ಗಾಳಿಯ ತಡೆಯೂ ಎಂಜಿನೂ ಇದರಲ್ಲಿ ಪಾಲು ಹೊರದಿದ್ದರೆ, ಎಲ್ಲವೂ ಬ್ರೇಕಿನ ಡಿಸ್ಕು-ಡ್ರಮ್ಮುಗಳಲ್ಲಿ ಉಷ್ಣವಾಗುತ್ತದೆ.

ಈ ಉಷ್ಣ ಬ್ರೇಕ್ ಆಯಿಲಿಗೂ ತಲಪುತ್ತದೆ. ಹೆಸರು ಆಯಿಲ್ ಆದರೂ ಸಾಮಾನ್ಯ ಬ್ರೇಕ್ ಆಯಿಲು ಎಣ್ಣೆಯಲ್ಲ. ಗ್ಲೈಕಾಲ್ ವರ್ಗದ ದ್ರವ. ಉಪ್ಪು ಹೇಗೆ ಮಳೆಗಾಲದಲ್ಲಿ ಭರಣಿಯೊಳಗೇ ನೀರೂರುವುದೋ ಹಾಗೆಯೇ ಇದೂ ಗಾಳಿಯ ತೇವವನ್ನು ಹೀರುತ್ತದೆ. ರಬ್ಬರಿನ ಕೊಳವೆಗಳ ಮೂಲಕವೂ ಡಬ್ಬಿಯ ಮುಚ್ಚಳದ ಮೂಲಕವೂ ತೇವ ನಿಧಾನವಾಗಿ ಸೇರುತ್ತದೆ. 'ಡಾಟ್ ೩' ಎಂಬ ಗುರುತಿನ ದ್ರವವು ಹೊಸದಾಗಿದ್ದಾಗ ಕನಿಷ್ಠ ೨೦೫ ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ, ಶೇಕಡ ೩.೭ರಷ್ಟು ನೀರು ಸೇರಿದಾಗ ಈ ಮಿತಿ ೧೪೦. 'ಡಾಟ್ ೪'ಕ್ಕೆ ಇವು ೨೩೦ ಮತ್ತು ೧೫೫. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ತೇವಕ್ಕೇನು ಕೊರತೆ? ಹಳೆಯ ದ್ರವವು ಘಟ್ಟದಲ್ಲಿ ಕುದಿದರೆ ಹುಟ್ಟುವ ಆವಿಯು ಗಾಳಿಯ ಗುಳ್ಳೆಯಂತೆಯೇ ಕುಗ್ಗುತ್ತದೆ. ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಅದು ತಣಿದ ಮೇಲೆ ಪರೀಕ್ಷಿಸಿದರೆ ಆವಿ ಮತ್ತೆ ದ್ರವವಾಗಿರುವುದರಿಂದ ಯಾವ ದೋಷವೂ ಕಾಣದು. ಊರೊಳಗೆ ಸರಿಯಾಗಿರುವ ಬ್ರೇಕನ್ನು ನಂಬಬಾರದೆನ್ನುವುದು ಇದಕ್ಕಾಗಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಅಥವಾ ಕಾರಿನ ಕೈಪಿಡಿ ಹೇಳುವಂತೆ, ಈ ದ್ರವವನ್ನು ಬದಲಿಸಬೇಕು. ಇಳಿಜಾರಿನಲ್ಲಿ ಕೆಳ ಗೇರಿನಲ್ಲಿಯೇ ಇಳಿಯಬೇಕು. ಪೆಟ್ರೋಲು ಉಳಿಸಲೆಂದು ಎಂಜಿನನ್ನು ನಿಲ್ಲಿಸಿ ಇಳಿಯುವುದು ಆತ್ಮಘಾತಕ. ಎಂಜಿನಿನ ತಡೆಯೂ, ಬ್ರೇಕಿಗೆ ಅದು ಒದಗಿಸುವ ನೆರವೂ ಆಗ ಒಟ್ಟಿಗೇ ಹೋಗುತ್ತವೆ.

ಪೆಡಲು ಹೇಳುವ ಮಾತು

ಬ್ರೇಕಿನ ಬೇನೆಯನ್ನು ಪೆಡಲೇ ತಿಳಿಸುತ್ತದೆ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿಯಿದೆ. ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ಕುಸಿದರೆ ದ್ರವ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಕಲ್ಲಿನಂತೆ ಗಟ್ಟಿಯಾಗಿದ್ದರೆ ನೆರವಿನ ಯಂತ್ರ ಕೆಟ್ಟಿದೆ. ಕಾರು ಒಂದೇ ಪಕ್ಕಕ್ಕೆ ಎಳೆದರೆ ಒಂದು ಚಕ್ರದ ಭಾಗವು ತುಕ್ಕಿನಿಂದ ಸಿಕ್ಕಿಕೊಂಡಿರಬಹುದು. ಡಬ್ಬಿಯಲ್ಲಿ ದ್ರವದ ಮಟ್ಟ, ಚಕ್ರಗಳ ಒಳಬದಿಯಲ್ಲಿ ಒದ್ದೆಯ ಗುರುತು, ಪ್ಯಾಡಿನ ದಪ್ಪ, ಇವನ್ನು ಯಾರಾದರೂ ನೋಡಬಹುದು. ಪ್ಯಾಡಿನ ಘರ್ಷಣೆಯ ಪದರ ೩ ಮಿಲಿಮೀಟರಿಗೆ ಬಂದಿದ್ದರೆ ಹೊಸದನ್ನು ಹಾಕಿಸುವುದು ಲೇಸು. ಕಡಲತೀರದ ಮರಳಿನಲ್ಲಿ ಓಡಿಸಿದ ಕಾರಿನ ತಳವನ್ನು ಅದೇ ದಿನ ಸಿಹಿನೀರಿನಿಂದ ತೊಳೆಯಬೇಕು. ಮೀನಿನ ಪೆಟ್ಟಿಗೆಗಳಿಂದ ಉಪ್ಪುನೀರು ಸೋರುವ ಟೆಂಪೋಗಳಿಗೂ ಇದು ಸಲ್ಲುತ್ತದೆ.

ಗಾಳಿಯನ್ನು ಹೊರಡಿಸುವ ಕೆಲಸಕ್ಕೆ ಇಬ್ಬರು ಬೇಕು. ಚಕ್ರದ ಬಳಿಯ ನಿಪ್ಪಲಿಗೆ ಪಾರದರ್ಶಕ ಕೊಳವೆಯನ್ನು ಸಿಕ್ಕಿಸಿ ಅದರ ತುದಿಯನ್ನು ಹೊಸ ದ್ರವವಿರುವ ಸೀಸೆಯಲ್ಲಿ ಮುಳುಗಿಸುತ್ತಾರೆ. ಒಬ್ಬನು ಪೆಡಲನ್ನು ಒತ್ತಿ ಹಿಡಿಯುವನು. ಇನ್ನೊಬ್ಬನು ನಿಪ್ಪಲನ್ನು ಸಡಿಲಿಸಿ, ಗುಳ್ಳೆಗಳು ಹೊರಟೊಡನೆ ಬಿಗಿಯುವನು. ಬಿಗಿದ ಮೇಲೆಯೇ ಪೆಡಲನ್ನು ಬಿಡಬೇಕು. ಡಬ್ಬಿ ನಡುವೆ ಬರಿದಾಗಬಾರದು. ಹೊರಬಂದ ದ್ರವವನ್ನು ಮತ್ತೆ ಬಳಸಬಾರದು. ಎಂಜಿನ್ ಆಯಿಲಿನ ಒಂದು ತೊಟ್ಟು ಬೆರೆತರೂ ರಬ್ಬರುಗಳು ಉಬ್ಬಿ ಬ್ರೇಕೇ ಕೆಡುತ್ತದೆ.

ಮನೆಯ ಕೆಲಸದ ಎಲ್ಲೆ

ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬಾರದು; ಗಟ್ಟಿನೆಲದ ಮೇಲೆ ಭದ್ರವಾದ ಆಧಾರಗಳನ್ನು ಕೊಟ್ಟಿರಬೇಕು. ಹಳೆಯ ಬ್ರೇಕುಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದನ್ನು ಊದದೆ ಒದ್ದೆಬಟ್ಟೆಯಿಂದ ಒರಸಬೇಕು. ಗಾಳಿಚೀಲಗಳ ಹಳದಿ ತಂತಿಗಳನ್ನೂ, ವಿದ್ಯುತ್ ಕಾರುಗಳ ನೂರಾರು ವೋಲ್ಟಿನ ಕಿತ್ತಳೆ ಬಣ್ಣದ ತಂತಿಗಳನ್ನೂ ಮುಟ್ಟಬಾರದು. ಚಕ್ರ ಜಾರದಂತೆ ತಡೆಯುವ ವಿದ್ಯುನ್ಮಾನ ಬ್ರೇಕುಗಳಲ್ಲಿ ಗಾಳಿಯನ್ನು ತೆಗೆಯಲು ಅನೇಕ ವೇಳೆ ವಿಶೇಷ ಉಪಕರಣ ಬೇಕಾಗುತ್ತದೆ. ಅದು ತಜ್ಞರ ಕೆಲಸ. ಸಿಲಿಂಡರನ್ನು ಬಿಚ್ಚುವುದು, ಉಕ್ಕಿನ ಕೊಳವೆಯನ್ನು ಬದಲಿಸುವುದು, ಇವೂ ಅಂಥವೇ. ಮಾಡಿದ ಕೆಲಸವನ್ನು ನಂಬುವ ಮೊದಲು ಜನರಿಲ್ಲದ ಸಮತಟ್ಟಾದ ಎಡೆಯಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು.

ವಿದ್ಯುತ್ತಿನ ಕೆಲಸದಲ್ಲಿ ತಪ್ಪಾದರೆ ಬಹುಶಃ ಕಾರು ಹೊರಡುವುದಿಲ್ಲ. ಬ್ರೇಕಿನ ಕೆಲಸದಲ್ಲಿ ತಪ್ಪಾದರೆ ಅದು ನಿಲ್ಲುವುದಿಲ್ಲ. ಓಮನ ನಿಯಮವನ್ನೂ ಪಾಸ್ಕಲನ ನಿಯಮವನ್ನೂ ಪರೀಕ್ಷೆಗಾಗಿ ಬರೆದು ಮರೆಯದೆ, ಮನೆಯ ಮುಂದಣ ಯಂತ್ರದಲ್ಲಿ ಗುರುತಿಸಬಲ್ಲ ವಿದ್ಯಾರ್ಥಿಗೆ ಈ ವ್ಯತ್ಯಾಸವು ಸದಾ ನೆನಪಿರುತ್ತದೆ. ಯಾವ ತಿರುಪನ್ನು ತಾನೇ ಬಿಗಿಯಬೇಕು, ಯಾವುದನ್ನು ಪಳಗಿದ ಕೈಗೆ ಒಪ್ಪಿಸಬೇಕು ಎಂದು ಅವನು ಧೈರ್ಯವಾಗಿ ನಿರ್ಧರಿಸಬಲ್ಲನು.