ಸೈಕ್ಲಿಸ್ಟ್‌ಗಳು ಮನೆ ಮಾಡುವುದೆಲ್ಲಿ, ಏಕೆ?

ಯುರೋಪಿನ ರಸ್ತೆ ಸೈಕ್ಲಿಂಗ್‌ನಲ್ಲಿ ಹೊಟ್ಟೆಹೊರೆಯುವ ಸವಾರರು ಎಲ್ಲಿಂದಲೇ ಬಂದಿರಲಿ, ಬಹಳ ಮಂದಿ ಮೊನಾಕೊ, ಅಂಡೋರಾ ಅಥವಾ ಸ್ಪೇನಿನ ಜಿರೋನಾದಲ್ಲಿ ಮನೆ ಮಾಡುತ್ತಾರೆ. ಇದಕ್ಕೆ ಅವರು ಕೊಡುವ ಕಾರಣಗಳು ಸುಳ್ಳಲ್ಲ. ಮೊನಾಕೊದಲ್ಲಿ ನೆಲೆಸಿದ ವಿದೇಶಿಯರು ಬಹುಪಾಲು ಆದಾಯ ತೆರಿಗೆ ಕಟ್ಟಬೇಕಿಲ್ಲ. ಅಂಡೋರಾದಲ್ಲಿ ಆ ತೆರಿಗೆ ಶೇ 10ನ್ನು ಮೀರುವುದಿಲ್ಲ, ಅಭ್ಯಾಸಕ್ಕೆ ಎತ್ತರದ ಬೆಟ್ಟಗಳೂ ಇವೆ. ಜಿರೋನಾದ ಚಳಿಗಾಲ ಹಿತವಾದದ್ದು. ಆದರೆ ಈ ಪಟ್ಟಿಗೆ ಇನ್ನೊಂದು ಕಾರಣವನ್ನು ಇತಿಹಾಸ ಸೇರಿಸುತ್ತದೆ: ಉದ್ದೀಪನ ಮದ್ದು ಸಿಕ್ಕರೆ ಯಾವ ದೇಶದ ಪೊಲೀಸರು ಬಾಗಿಲು ತಟ್ಟುತ್ತಾರೆ ಎಂಬುದು.

1998ರ ಟೂರ್ ಡಿ ಫ್ರಾನ್ಸ್ ಆರಂಭಕ್ಕೆ ಕೆಲವೇ ದಿನ ಮುನ್ನ ಫೆಸ್ಟಿನಾ ತಂಡದ ಕಾರಿನಲ್ಲಿ ಮದ್ದಿನ ದಾಸ್ತಾನು ಸಿಕ್ಕಿತು. ಮರುವರ್ಷವೇ ಫ್ರಾನ್ಸ್ ಕಾನೂನನ್ನು ಬಿಗಿಗೊಳಿಸಿತು. 2000ದಲ್ಲಿ ಯು.ಎಸ್. ಪೋಸ್ಟಲ್ ತಂಡದ ಮೇಲೆ ಪ್ಯಾರಿಸ್‌ನಲ್ಲಿ ತನಿಖೆ ಆರಂಭವಾಯಿತು. ಆ ತಂಡದ ನಾಯಕ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಇದಾದ ಬಳಿಕ ಫ್ರಾನ್ಸ್‌ನ ನೀಸ್ ತೊರೆದು ಜಿರೋನಾಕ್ಕೆ ಹೋದರು. ಸ್ಪೇನಿನಲ್ಲಿ ಡೋಪಿಂಗ್ ವಿರುದ್ಧ ಪ್ರತ್ಯೇಕ ದಂಡನೆಯ ಕಾನೂನು ಬಂದದ್ದು 2006ರ ಕೊನೆಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ವೈದ್ಯ ಯೂಫೆಮಿಯಾನೊ ಫುಯೆಂಟೆಸ್ ಬಳಿ ಡೋಪಿಂಗ್‌ಗೆಂದು ಇಟ್ಟಿದ್ದ 200ಕ್ಕೂ ಹೆಚ್ಚು ರಕ್ತದ ಚೀಲಗಳು ಸಿಕ್ಕಿದ್ದವು. ಆಗ ಕಾನೂನು ಇಲ್ಲದ್ದರಿಂದ ಸಾರ್ವಜನಿಕ ಆರೋಗ್ಯಕ್ಕೆ ಅಪಾಯ ಎಂಬ ಆರೋಪ ಹೊರಿಸಬೇಕಾಯಿತು, 2016ರಲ್ಲಿ ಅವರು ಖುಲಾಸೆಯಾದರು. ಫ್ರಾನ್ಸ್‌ನಲ್ಲೇ ಉಳಿದ ಸವಾರ ಡೇವಿಡ್ ಮಿಲ್ಲರ್ ಮನೆಯನ್ನಾದರೋ ಪೊಲೀಸರು 2004ರಲ್ಲಿ ಶೋಧಿಸಿ ಸಿರಿಂಜ್ ಹಿಡಿದರು. ಅವರು ತಪ್ಪೊಪ್ಪಿಕೊಂಡರು, ಎರಡು ವರ್ಷದ ನಿಷೇಧಕ್ಕೂ ಒಳಗಾದರು.

ಈಗ ಅದೆಲ್ಲ ಹಳೆಯ ಕತೆ ಎನ್ನಬಹುದು. ಸವಾರರು ತಾವಿರುವ ಜಾಗವನ್ನು ಮೊದಲೇ ತಿಳಿಸಬೇಕು, ದಿನಕ್ಕೆ ಒಂದು ಗಂಟೆ ಪರೀಕ್ಷಕರಿಗೆ ಸಿಗಲೇಬೇಕು, 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಶಿಕ್ಷೆ ಕಾದಿದೆ. ಈ ನಿಯಮ ಊರೂರಿನ ವ್ಯತ್ಯಾಸವನ್ನು ತಗ್ಗಿಸಿದೆ, ಅಳಿಸಿಲ್ಲ. ಇಪಿಒದಂಥ ಮದ್ದನ್ನು ಸಣ್ಣ ಪ್ರಮಾಣದಲ್ಲಿ ಚುಚ್ಚಿಕೊಂಡರೆ ಅದರ ಗುರುತು ಬೇಗ ಮರೆಯಾಗುತ್ತದೆ, ಹಾಗಾಗಿ ಪರೀಕ್ಷಕರು ತಡವಾಗಿ ಬಂದರೆ ಬಂದೂ ಫಲವಿಲ್ಲ. ಸವಾರ ಮೈಕೆಲ್ ರಾಸ್ಮುಸೆನ್ ಮೆಕ್ಸಿಕೊದಲ್ಲಿದ್ದೇನೆಂದು ಹೇಳಿ ಇಟಲಿಯಲ್ಲಿದ್ದದ್ದು ಬಯಲಾಗಿ, 2007ರ ಟೂರ್‌ನಲ್ಲಿ ಮುನ್ನಡೆಯಲ್ಲಿದ್ದಾಗಲೇ ತಂಡ ಅವರನ್ನು ಹೊರಗಟ್ಟಿತು. ಟೆನೆರಿಫ್ ದ್ವೀಪದ ಟೈಡೆ ಪರ್ವತದಲ್ಲಿ ಎರಡು ವಾರ ಅಭ್ಯಾಸ ಮಾಡಿದರೂ ಪರೀಕ್ಷೆಗೆ ಯಾರೂ ಬರಲಿಲ್ಲವೆಂದು 2014ರಲ್ಲಿ ದೂರಿದ್ದು ಸ್ವತಃ ಸವಾರ ಕ್ರಿಸ್ ಫ್ರೂಮ್.

ಹಾಗೆಂದು ವಿಳಾಸವೇ ಸಾಕ್ಷಿಯಾಗದು. ನಿಷೇಧ ಮುಗಿಸಿ ಡೋಪಿಂಗ್ ವಿರೋಧಿಯಾದ ಮಿಲ್ಲರ್ ಮುಂದೆ ನೆಲೆಸಿದ್ದು ಜಿರೋನಾದಲ್ಲೇ. ಸವಾರರ ರಕ್ತವನ್ನು ತಾನೇ ಪರೀಕ್ಷಿಸಲು ಮುಂದಾದ ಸ್ಲಿಪ್‌ಸ್ಟ್ರೀಮ್ ತಂಡದ ಯುರೋಪ್ ನೆಲೆಯೂ ಅದೇ ಊರು. ಊರು ಅದೇ ಇದ್ದರೂ ಬದಲಾದದ್ದು ಕಾನೂನು ಮತ್ತು ಕಾವಲು. ಆದ್ದರಿಂದ ಸವಾರರು ಎಲ್ಲಿದ್ದಾರೆಂದು ಅನುಮಾನಿಸುವ ಬದಲು, ಅವರು ಗುಂಪುಗೂಡುವ ಬೆಟ್ಟ, ದ್ವೀಪಗಳ ಸಮೀಪದಲ್ಲೇ ಪರೀಕ್ಷಕರನ್ನು ನೇಮಿಸಿ, ದೇಶಗಳ ನಡುವಿನ ಶಿಕ್ಷೆಯ ಅಂತರ ತಗ್ಗಿಸಿದರೆ ಸಾಕು, ಮನೆ ಹುಡುಕುವವರಿಗೆ ತೆರಿಗೆ, ಹವೆ, ರಸ್ತೆಗಳಷ್ಟೇ ಲೆಕ್ಕಕ್ಕೆ ಬರುತ್ತವೆ.