ಉದ್ರಿ ಪುಸ್ತಕ ಬ್ಯಾಂಕಿನವರಿಗೆ ಓದಲು ಬರುವುದಿಲ್ಲ!

ಭಾರತದಲ್ಲಿ ಕ್ರೆಡಿಟ್ ಕಾರ್ಡು ಕಾಲಿಟ್ಟದ್ದು 1980ರಲ್ಲಿ. ಯಾದಗಿರಿ, ಶಹಾಪುರ, ಸುರಪುರದ ಪೇಟೆಗಳಿಗೆ ಉದ್ರಿ ಕಾಲಿಟ್ಟದ್ದು ಯಾವಾಗ ಎಂದು ಹೇಳಬಲ್ಲವರು ಯಾರೂ ಇಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವಿರಲಿ, ಗಂಜಿನ ಅಡತಿ ಲೆಕ್ಕವಿರಲಿ, "ತೊಗರಿ ಮಾರಿದ ಮ್ಯಾಲ ಕೊಡ್ತೀನ್ರೀ ಸಾವುಕಾರ್ರ" ಎಂಬ ಒಂದು ಮಾತಿನ ಮೇಲೆ ವರ್ಷಗಟ್ಟಲೆ ವ್ಯವಹಾರ ನಡೆದಿದೆ.

ಅದೇ ಗಿರಾಕಿ ಬ್ಯಾಂಕಿಗೆ ಹೋಗಿ ಕಾರ್ಡು ಕೇಳಲಿ ನೋಡೋಣ! "ನಿಮ್ಮ ಸಿಬಿಲ್ ಏನೂ ತೋರ್ಸವಲ್ದು, ಕೊಡ್ಲಿಕ್ಕ ಬರಂಗಿಲ್ರಿ." ಇಪ್ಪತ್ತು ವರ್ಷ ಯಾರ ಕಾಸನ್ನೂ ಮುಳುಗಿಸದ ಮನುಷ್ಯ ಅಲ್ಲಿ ಅನಾಮಧೇಯ. ಸಾಲ ಮಾಡಬೇಡ ಎಂದ ಹಿರಿಯರ ಮಾತು ಕೇಳಿದ್ದೇ ತಪ್ಪಾಯಿತೇ?

ಇಲ್ಲೊಂದು ಗೊಂದಲ ಬಿಡಿಸಬೇಕು. ಸಿಬಿಲ್ ಅಂಕ 300ರಿಂದ 900ರವರೆಗೆ. ಸಾಲ ಮಾಡಿ ಕಟ್ಟದವನಿಗೆ ಕಡಿಮೆ ಅಂಕ. ಸಾಲವನ್ನೇ ಮಾಡದವನಿಗೆ ಅಂಕವೇ ಇಲ್ಲ. ಎರಡೂ ಒಂದಲ್ಲ. ಹಿಂದಿನ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ವಾಪಸು ಕಳಿಸಬಾರದು ಎಂದು ರಿಸರ್ವ್ ಬ್ಯಾಂಕ್ ಸೂಚಿಸಿರುವುದನ್ನು ಕೇಂದ್ರ ಸರ್ಕಾರವೇ 2025ರ ಆಗಸ್ಟ್‌ನಲ್ಲಿ ಸಂಸತ್ತಿಗೆ ತಿಳಿಸಿದೆ. ಹಾಗೆಂದು ಕೊಡಲೇಬೇಕೆಂದೂ ಇಲ್ಲ. ಕೊನೆಯ ಮಾತು ಬ್ಯಾಂಕಿನದೇ.

ಇನ್ನೊಂದು ತಮಾಷೆ ನೋಡಿ. ದಾಖಲೆ ಮನೆತನದ್ದಲ್ಲ, ಒಬ್ಬೊಬ್ಬರದು. ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟಿದ ತಾಯಿಯ ಲೆಕ್ಕ ಅಲ್ಲಿ ಇರುತ್ತದೆ. ನಗದು ವ್ಯಾಪಾರ ಮಾಡುವ ಗಂಡನ ಲೆಕ್ಕ ಇರುವುದಿಲ್ಲ. ಮನೆಯಲ್ಲಿ ಯಜಮಾನ ಯಾರಾದರೇನು, ಬ್ಯಾಂಕಿನ ಕಣ್ಣಿಗೆ ಆಕೆಯೇ ಹಳೆಯ ಗಿರಾಕಿ!

ಹಾಗಾದರೆ ದಾರಿ? ಸುಲಭವಾದದ್ದು ಠೇವಣಿ. ಅನೇಕ ಬ್ಯಾಂಕುಗಳು ಎಫ್.ಡಿ. ಇಟ್ಟವರಿಗೆ ಅದರ ಆಧಾರದ ಮೇಲೆ ಕಾರ್ಡು ಕೊಡುತ್ತವೆ. 20 ಸಾವಿರ ಇಟ್ಟರೆ ಸಾಮಾನ್ಯವಾಗಿ 15ರಿಂದ 18 ಸಾವಿರದ ಮಿತಿ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಕಟ್ಟದಿದ್ದರೆ ಮಾತ್ರ ಬ್ಯಾಂಕು ಆ ಹಣಕ್ಕೆ ಕೈ ಹಾಕುತ್ತದೆ. ವಾರ್ಷಿಕ ಶುಲ್ಕ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ತಿಂಗಳಿಗೆ ಎರಡು ಮೂರು ಸಾವಿರದ ಸಾಮಾನು ತಂದು, ಗಡುವಿನೊಳಗೆ ಪೂರ್ತಿ ಕಟ್ಟುತ್ತ ಹೋದರೆ ಆರು ತಿಂಗಳ ಸುಮಾರಿಗೆ ಅಂಕ ಮೂಡುತ್ತದೆ.

ತಳ್ಳುಗಾಡಿಯವರಿಗೆ, ಬಸ್ ನಿಲ್ದಾಣದೆದುರು ಹಣ್ಣು ಮಾರುವವರಿಗೆ ಠೇವಣಿ ಎಲ್ಲಿಂದ ಬರಬೇಕು? ಅವರಿಗೆ ಪಿಎಂ ಸ್ವನಿಧಿ ಇದೆ. 2020ರಲ್ಲಿ 10 ಸಾವಿರದಿಂದ ಶುರುವಾದ ಈ ಯೋಜನೆಯಲ್ಲಿ 2025ರ ಆಗಸ್ಟ್‌ನ ಬದಲಾವಣೆಯಂತೆ ಮೊದಲ ಸಾಲ 15 ಸಾವಿರ, ಅದು ತೀರಿದರೆ 25 ಸಾವಿರ, ಆಮೇಲೆ 50 ಸಾವಿರ. ಎರಡನೆಯ ಸಾಲ ಸರಿಯಾಗಿ ತೀರಿಸಿದವರಿಗೆ ಯುಪಿಐಗೆ ಜೋಡಿಸುವ ರುಪೇ ಕ್ರೆಡಿಟ್ ಕಾರ್ಡೂ ಉಂಟು. ಯೋಜನೆಯ ಅವಧಿ 2030ರ ಮಾರ್ಚ್‌ವರೆಗೆ. ಬೀದಿ ವ್ಯಾಪಾರಿಯ ಗುರುತಿನ ಚೀಟಿ ಇಲ್ಲದಿದ್ದರೆ ಪುರಾಡಳಿತ ಕಚೇರಿಯ ಶಿಫಾರಸು ಪತ್ರ ಬೇಕು.

ಕಾರ್ಡು ಕೈಗೆ ಬಂದ ಮೇಲಿನ ಕಥೆ ಬೇರೆ. ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಎಂಬ ಸಣ್ಣ ಅಂಕಿ ಇರುತ್ತದೆ. ಇಷ್ಟೇ ಕಟ್ಟಿದರೆ ಸಾಕು ಎಂದು ಆಸೆ ಹುಟ್ಟಿಸುವಂಥದು. 20 ಸಾವಿರ ಬಾಕಿ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಎಂದು ಹಿಡಿಯಿರಿ. ಬಡ್ಡಿ 700, ಅದರ ಮೇಲೆ ಶೇ. 18ರ ಜಿ.ಎಸ್.ಟಿ. 126. ಕನಿಷ್ಠವೆಂದು ಸಾವಿರ ಕಟ್ಟಿದರೆ ಅಸಲಿಗೆ ಸಲ್ಲುವುದು 174 ರೂಪಾಯಿ! ನೂರಕ್ಕೆ ಎರಡು ಬಡ್ಡಿ ಹಾಕುವ ಸಾವುಕಾರನನ್ನು ಬೈಯುವ ನಾವು ಇದನ್ನು ಕಿಸೆಯಲ್ಲಿಟ್ಟುಕೊಂಡು ಮೆರೆಯುತ್ತೇವೆ. ಉದ್ರಿ ಅಂಗಡಿಯವನು ಬಿತ್ತನೆ ಕಾಲಕ್ಕೆ ಒಂದು ತಿಂಗಳು ಸುಮ್ಮನಿರಬಹುದು. ಕಂಪ್ಯೂಟರ್ ಇರುವುದಿಲ್ಲ.

"ಐನೂರು ಕೊಡ್ರಿ, ಕಾರ್ಡ್ ಮಾಡಿಸಿಕೊಡ್ತೀನಿ" ಎನ್ನುವವರ ಹಿಂದೆ ಹೋಗಬೇಡಿ. ಓಟಿಪಿ ಕೇಳಿದರಂತೂ ಕೊಡಲೇಬೇಡಿ. ನಿಮ್ಮ ದಾಖಲೆಯಲ್ಲಿ ಏನಿದೆ ಎಂದು ನೋಡಲು ದುಡ್ಡು ಬೇಕಿಲ್ಲ. ದೇಶದಲ್ಲಿ ಸಿಬಿಲ್ ಸೇರಿ ಇಂಥ ನಾಲ್ಕು ಕಂಪನಿಗಳಿವೆ, ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ನಾಲ್ಕೂ ಪುಕ್ಕಟೆ ಕೊಡಬೇಕು.

ಅರ್ಜಿ ಹಾಕಿಯೂ ಕಾರ್ಡು ಕೊಡಲಿಲ್ಲವೋ, ಬಾಯಿಮಾತು ಕೇಳಿ ಎದ್ದು ಬರಬೇಡಿ. ಯಾಕೆ ಕೊಡಲಿಲ್ಲ ಎಂಬುದನ್ನು ಬ್ಯಾಂಕು ಬರಹದಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. "ಅದನ್ನೇ ಒಂದು ಕಾಗದದ ಮ್ಯಾಲ ಬರದು ಕೊಡ್ರಿ ಸಾಹೇಬ್ರ" ಎಂದು ಕೇಳಿ.